ಗಡಿ ದಾಟಿಸಿದ ಮಾರಿ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಾವು ಬರೆದ ವೈಜ್ಞಾನಿಕ ಕಾದಂಬರಿಯೊಂದರ ಹಸ್ತಪ್ರತಿಯನ್ನು ಕಳುಹಿಸಿ, ಅದಕ್ಕೊಂದು ಮುನ್ನುಡಿ ಬರೆದುಕೊಡಬೇಕೆಂದು ಕೇಳಿದ್ದಾರೆ. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿಕೊಂಡು ಆಯುಷ್ಯವನ್ನು ಕಳೆದ ನನಗೂ ವೈಜ್ಞಾನಿಕ ಕಾದಂಬರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಾನೂ ಅವರನ್ನು ಹಾಗೆಯೇ ಕೇಳಿದೆ. "ನೀವು ಮೊದಲು ಓದಿ, ಸಾರ್" ಎಂದರು. ಓದಿದೆ.

ಕಥೆಯ ತಿರುಳು ಇಷ್ಟು. ಮುಂದೆಂದೋ ಒಂದು ನಗರಕ್ಕೆ ಒಂದು ಪಿಡುಗು ಬರುತ್ತದೆ. ಅದು ಬರಿಯ ರೋಗವಲ್ಲ; ಅದಕ್ಕೆ ಬುದ್ಧಿಯಿದೆ, ನೆನಪಿದೆ, ತನ್ನದೇ ಆದ ಇಚ್ಛೆಯಿದೆ. ಕೋಟ್ಯಂತರ ರೋಗಾಣುಗಳು ಕೂಡಿ ಒಂದೇ ಮನಸ್ಸಾಗಿ ಯೋಚಿಸುತ್ತವೆ. ತರುಣ ವೈದ್ಯೆಯೊಬ್ಬಳು ಅದರೊಡನೆ ಮಾತನಾಡುವುದನ್ನು ಕಲಿತು, ಕೊಲ್ಲುವ ಆ ಶಕ್ತಿಯನ್ನೇ ಗುಣಪಡಿಸುವ ಕೆಲಸಕ್ಕೆ ಹೂಡುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಪಿಡುಗು ಊರಿನ ರೋಗಗಳನ್ನೆಲ್ಲ ವಾಸಿಮಾಡಿ ತಾನು ಎಲ್ಲಿಗೋ ಹೊರಟುಹೋಗುತ್ತದೆ.

ಇಂಥ ಕಲ್ಪನೆ ಬೇರೆ ಭಾಷೆಗಳಲ್ಲಿ ಇಲ್ಲದಿಲ್ಲ. ಅಮೆರಿಕದ ಗ್ರೆಗ್ ಬೇರ್ 1985ರಲ್ಲಿ ಪ್ರಕಟಿಸಿದ 'ಬ್ಲಡ್ ಮ್ಯೂಸಿಕ್' ಎಂಬ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬ ಬುದ್ಧಿ ಬಂದ ಜೀವಕಣಗಳನ್ನು ತನ್ನ ರಕ್ತಕ್ಕೇ ಚುಚ್ಚಿಕೊಳ್ಳುತ್ತಾನೆ. ಮೊದಮೊದಲು ಅವು ಉಪಕಾರವನ್ನೇ ಮಾಡುತ್ತವೆ. ಅವನ ಕಣ್ಣಿನ ದೋಷ ಸರಿಹೋಗುತ್ತದೆ, ಕನ್ನಡಕ ಬೇಡವಾಗುತ್ತದೆ. ಆಮೇಲೆ ಅವು ತಮಗೆ ತೋಚಿದಂತೆ ಅವನನ್ನು ತಿದ್ದತೊಡಗುತ್ತವೆ. ಅವನಾದ ಮೇಲೆ ಲೋಕವನ್ನು. ನನ್ನ ವಿದ್ಯಾರ್ಥಿಯ ಕಥೆಯಲ್ಲಿ ಈ ಭಯವಿಲ್ಲ. ಅವರು ನಮ್ಮ ಹೊಳೆನರಸೀಪುರದ ಕಡೆಯವರು, ಸ್ವಭಾವದಿಂದಲೇ ಒಳ್ಳೆಯವರು. ಪಿಡುಗನ್ನೂ ಒಳ್ಳೆಯದನ್ನಾಗಿ ಮಾಡಿದ್ದಾರೆ. ಪತ್ರದಲ್ಲಿ ಅವರು ಕೇಳಿದ್ದ ಪ್ರಶ್ನೆಯೂ ಅದೇ: ಬುದ್ಧಿಯುಳ್ಳ ಪಿಡುಗನ್ನು ಚಿಕಿತ್ಸೆಗೆ ಬಳಸಿಕೊಳ್ಳಲು ಸಾಧ್ಯವೆ?

ಓದುತ್ತಿದ್ದಂತೆ ನನಗನ್ನಿಸಿತು, ಈ ಪ್ರಶ್ನೆಯಲ್ಲಿ ಮುಂದಿನ ಕಾಲದ್ದು ಏನೂ ಇಲ್ಲ. ಇದು ನಮ್ಮ ಅಜ್ಜಿಯರ ಕಾಲದ್ದು. ಪ್ಲೇಗಿಗೆ ಬುದ್ಧಿಯಿದೆ, ಕಿವಿಯಿದೆ, ಕೋಪವಿದೆ, ಕರುಣೆಯೂ ಇದೆ ಎಂದು ನಂಬಿ, ಅದರೊಡನೆ ಮಾತನಾಡಿ, ಕರಾರು ಮಾಡಿಕೊಂಡು ಬದುಕಿದವರು ಈ ಹೇಮಾವತಿಯ ದಡದ ಜನ.

ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ರೈಲುಹಾದಿ ಹಿಡಿದು ಹುಬ್ಬಳ್ಳಿಗೆ ಬಂದು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ತಲುಪಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೇಗಬೇಗ ಬೆಳೆದದ್ದು ಅದರ ಹೆದರಿಕೆಯಿಂದ. ಹಳ್ಳಿಯವರಿಗೆ ಬಡಾವಣೆಯೆಲ್ಲಿಯದು? 'ಇಲಿ ಬಿತ್ತು' ಎಂಬ ಎರಡು ಮಾತು ಕಿವಿಗೆ ಬಿದ್ದೊಡನೆ ಮನೆಗೆ ಬೀಗ ಹಾಕಿ, ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಪಟ್ಟಣಗಳಲ್ಲಿಯೂ ಪ್ಲೇಗಿನಮ್ಮನ ಗುಡಿಗಳೆದ್ದವು. ಸಿಡುಬಿಗೆ ಮೊದಲೇ ಒಬ್ಬ ಅಮ್ಮನಿದ್ದಳು. ಹೊಸ ರೋಗಕ್ಕೆ ಇಂಗ್ಲಿಷಿನ ಹೆಸರಿನ ಜೊತೆಗೆ ಇನ್ನೊಬ್ಬ ಅಮ್ಮ ಬಂದಳು.

ಕನ್ನಡ ಸಾಹಿತ್ಯ ಈ ಪಿಡುಗನ್ನು ಎರಡು ಬಗೆಯಲ್ಲಿ ಕಂಡಿದೆ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ತಂದು ಸಾಯುತ್ತಾನೆ. ಅಗ್ರಹಾರದಲ್ಲಿ ಇಲಿಗಳು ಉದುರುತ್ತಿದ್ದರೂ ಜನ ಶವಸಂಸ್ಕಾರದ ಅಧಿಕಾರ ಯಾರದೆಂಬ ಚರ್ಚೆಯಲ್ಲಿ ಮುಳುಗಿರುತ್ತಾರೆ. ಅಲ್ಲಿ ಪ್ಲೇಗಿಗೆ ಒಂದು ಅರ್ಥವಿದೆ, ಅದು ಏನನ್ನೋ ಹೇಳಲು ಬಂದಂತಿದೆ. ಭೈರಪ್ಪನವರ 'ಗೃಹಭಂಗ'ದಲ್ಲಿ (1970) ಹಾಗಿಲ್ಲ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲಿಯೇ ಪ್ಲೇಗಿನಲ್ಲಿ ಕಳೆದುಕೊಂಡು, 2025ರಲ್ಲಿ ನಮ್ಮನ್ನಗಲಿದ ಆ ಲೇಖಕರಿಗೆ ಅದರಲ್ಲಿ ಅರ್ಥ ಹುಡುಕುವ ಮನಸ್ಸಿರಲಿಲ್ಲವೆಂದು ತೋರುತ್ತದೆ. ನಂಜಮ್ಮನ ಮಗಳು ಪಾರ್ವತಿ, ಮಗ ರಾಮಣ್ಣ, ಕೊನೆಗೆ ನಂಜಮ್ಮ, ಒಬ್ಬೊಬ್ಬರೂ ಹೋಗುತ್ತಾರೆ. ಯಾಕೆ ಎಂಬುದಕ್ಕೆ ಉತ್ತರವಿಲ್ಲ. ಇಷ್ಟು ವರ್ಷ ಎರಡನ್ನೂ ತರಗತಿಯಲ್ಲಿ ಪಾಠ ಮಾಡಿದ ಮೇಲೆ, ರೋಗದ ವಿಚಾರದಲ್ಲಿ ಹೆಚ್ಚು ನಿಜವಾದದ್ದು 'ಗೃಹಭಂಗ'ವೆಂದೇ ನನಗೆ ಕಾಣುತ್ತದೆ. ವಿಮರ್ಶಕ ಮಿತ್ರರು ಕ್ಷಮಿಸಬೇಕು.

ಪ್ಲೇಗಿಗೆ ಬುದ್ಧಿಯಿಲ್ಲವೆಂದು ವಿಜ್ಞಾನ ಹೇಳುತ್ತದೆ, ನಿಜ. ಆದರೆ ಬುದ್ಧಿಯಿರುವಂತೆ ಅದು ನಡೆದುಕೊಳ್ಳುವುದನ್ನೂ ವಿಜ್ಞಾನವೇ ತೋರಿಸಿಕೊಟ್ಟಿದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಈ ರೋಗಾಣುವನ್ನು ಗುರುತಿಸಿದ. 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಇದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಕಂಡುಹಿಡಿದ. ಚಿಗಟದ ಹೊಟ್ಟೆಯನ್ನು ಸೇರಿದ ರೋಗಾಣುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿ, ಅನ್ನದ್ವಾರವನ್ನೇ ಮುಚ್ಚಿಬಿಡುತ್ತವೆ. ಚಿಗಟ ಎಷ್ಟು ರಕ್ತ ಹೀರಿದರೂ ಹೊಟ್ಟೆಗಿಳಿಯದು. ಹಸಿವು ತಾಳಲಾರದೆ ಅದು ಸಿಕ್ಕಿದವರನ್ನೆಲ್ಲ ಮತ್ತೆ ಮತ್ತೆ ಕಚ್ಚುತ್ತದೆ. ಹೀರಿದ ರಕ್ತ ಗಂಟಿಗೆ ತಾಗಿ, ರೋಗಾಣುಗಳೊಡನೆ ಹಿಂದಿರುಗಿ ಕಚ್ಚಿಸಿಕೊಂಡವನ ಮೈಗೆ ಸೇರುತ್ತದೆ. ತನ್ನ ಕುದುರೆಯನ್ನು ಹಸಿವಿನಿಂದ ಓಡಿಸುವ ಸವಾರನ ಹಾಗೆ! ಇದರ ಹಿಂದೆ ಒಂದು ಮನಸ್ಸಿಲ್ಲವೆಂದು ನಮ್ಮಜ್ಜಿಗೆ ಒಪ್ಪಿಸುವುದು ಸುಲಭವಾಗಿರಲಿಲ್ಲ.

ಇನ್ನು ಚಿಕಿತ್ಸೆಯ ಮಾತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ವೈದ್ಯಶಾಸ್ತ್ರ ಅಕ್ಷರಶಃ ಪಾಲಿಸಿದೆ. ಹಾಫ್ಕಿನ್ ಎಂಬ ಮಹಾಶಯ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದ್ದು ಪ್ಲೇಗಿನಿಂದಲೇ. ಮಾಂಸದ ಸಾರಿನ ಮೇಲೆ ನಾಲ್ಕು ಹನಿ ತುಪ್ಪ ತೇಲಿಬಿಟ್ಟರೆ, ರೋಗಾಣುಗಳು ಆ ತುಪ್ಪಕ್ಕೆ ಜೋತುಬಿದ್ದು ಕೆಳಮುಖವಾಗಿ ಬಿಳಲಿನಂತೆ ಬೆಳೆಯುತ್ತಿದ್ದವು. ಹೀಗೆ ಹುಲುಸಾಗಿ ಬೆಳೆಸಿ, ಕಾಯಿಸಿ ಕೊಂದು, ಆ ದ್ರವವನ್ನು 1897ರ ಜನವರಿ 10ರಂದು ಆತ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಅನಂತರದ ಪರೀಕ್ಷೆ ನಡೆದದ್ದು ಬೈಕಲಾ ಸೆರೆಮನೆಯ ಕೈದಿಗಳ ಮೇಲೆ. ಅವರು ಮನಸಾ ಒಪ್ಪಿಯೇ ಮುಂದೆ ಬಂದವರೆಂದು ಹೇಳುತ್ತಾರೆ. ಸೆರೆಯಲ್ಲಿರುವವನ ಒಪ್ಪಿಗೆ ಎಂಥ ಒಪ್ಪಿಗೆಯೋ! 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದು ಸೀಸೆಯ ಲಸಿಕೆಗೆ ಧನುರ್ವಾಯುವಿನ ಸೋಂಕು ತಗುಲಿ 19 ಜನ ಸತ್ತರು. ತಪ್ಪು ಹಾಫ್ಕಿನ್ನನದಲ್ಲವೆಂದು ತೀರ್ಮಾನವಾಗಲು 1907 ಬರಬೇಕಾಯಿತು.

ಪ್ಲೇಗಿನ ರೋಗಾಣುವಿಗೂ ಒಂದು ಪ್ಲೇಗುಂಟು. ಬ್ಯಾಕ್ಟೀರಿಯಗಳನ್ನೇ ತಿಂದು ಬದುಕುವ ವೈರಸ್ಸುಗಳನ್ನು ದೆರೆಲ್ ಎಂಬವರು 1925ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ನಾಲ್ವರು ಪ್ಲೇಗಿನ ರೋಗಿಗಳ ಗಡ್ಡೆಗಳಿಗೆ ಚುಚ್ಚಿದರು, ನಾಲ್ವರೂ ಗುಣಹೊಂದಿದರು. ಮುಂದೆ ಸ್ಟ್ರೆಪ್ಟೊಮೈಸಿನ್ ಬಂದಮೇಲೆ ಪ್ಲೇಗಿನ ಮಟ್ಟಿಗೆ ಆ ದಾರಿಯನ್ನು ಹೆಚ್ಚು ಜನ ನೆನೆಯಲಿಲ್ಲ.

ಆದರೆ ನನ್ನ ವಿದ್ಯಾರ್ಥಿಯ ಕಥೆಗೆ ತೀರ ಹತ್ತಿರವಾದದ್ದು ನಮ್ಮ ದಿನಗಳಲ್ಲಿಯೇ ನಡೆದಿದೆ. ಏಡ್ಸ್ ಎಂಬ ಹೆಸರಿಗೇ ಲೋಕ ನಡುಗಿತಲ್ಲ, ಅದರ ವೈರಸ್ಸಿಗೆ ನಮ್ಮ ರಕ್ತಕಣದೊಳಗೆ ನುಗ್ಗಿ ಅಲ್ಲಿ ತನ್ನ ಬರೆಹವನ್ನು ಸೇರಿಸಿಬಿಡುವ ಅಸಾಧಾರಣ ಕೌಶಲವಿದೆ. ವಿಜ್ಞಾನಿಗಳು ಅದು ತನ್ನ ಸಂತಾನವನ್ನು ಬೆಳೆಸುವ ಶಕ್ತಿಯನ್ನು ಕತ್ತರಿಸಿ ಹಾಕಿ, ಒಳಹೊಗುವ ಕೌಶಲವನ್ನು ಮಾತ್ರ ಉಳಿಸಿಕೊಂಡು, ಅದರ ಕೈಯಲ್ಲಿ ಬೇರೆ ಬರೆಹವನ್ನು ಕೊಟ್ಟು ಕಳುಹಿಸುತ್ತಾರೆ. ಆ ಬರೆಹವನ್ನು ಪಡೆದ ರಕ್ತಕಣಗಳು ರಕ್ತದ ಕ್ಯಾನ್ಸರನ್ನು ಹುಡುಕಿ ಕೊಲ್ಲುತ್ತವೆ. ಮುಂಬಯಿಯಲ್ಲಿ ರೂಪುಗೊಂಡ ಇಂಥ ಒಂದು ಚಿಕಿತ್ಸೆಗೆ 2023ರಲ್ಲಿ ಭಾರತದಲ್ಲಿ ಅನುಮತಿಯೂ ದೊರೆಯಿತು. ಕಳ್ಳನನ್ನು ಓಡಿಸಿ ಅವನ ಕಳ್ಳಬೀಗದ ಕೈಯನ್ನು ಇಟ್ಟುಕೊಂಡಂತಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಾಫ್ಕಿನ್ ರೋಗಾಣುವನ್ನು ಕೊಂದ ಮೇಲೆ ಬಳಸಿದ. ಇಂದಿನವರು ಅದರ ಬಾಳುವೆಯನ್ನು ಕತ್ತರಿಸಿದ ಮೇಲೆ ಬಳಸುತ್ತಾರೆ. ಪಿಡುಗಿಗೆ 'ತನ್ನದು' ಎಂಬುದು ಏನಾದರೂ ಇದ್ದರೆ, ಮೊದಲು ಅದನ್ನು ತೆಗೆದುಹಾಕಿದರೇ ಅದು ಮದ್ದು. ರೋಗಾಣುವಿಗೆ ಮನಸ್ಸಿಲ್ಲವಾದ್ದರಿಂದ ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಪಿಡುಗಿಗೆ ನಿಜವಾಗಿ ಮನಸ್ಸೇ ಇದ್ದರೆ? ಆಗ ಈ ಕತ್ತರಿಸುವಿಕೆಯನ್ನು ಚಿಕಿತ್ಸೆಯೆಂದು ಕರೆಯಲು ನಾಲಗೆ ತಡವರಿಸುತ್ತದೆ. ಕತ್ತರಿಸದೆ ಬಿಟ್ಟರೆ ಅದರೊಡನೆ ಕರಾರು ಮಾಡಿಕೊಳ್ಳಬೇಕು. ಕರಾರೆಂದ ಮೇಲೆ ಅದಕ್ಕೆ ನಾವೂ ಏನಾದರೂ ಕೊಡಬೇಕು. ಏನನ್ನು ಕೊಡುತ್ತೇವೆ?

ನನ್ನ ತಂದೆಯ ತಾಯಿ ಹೊಳೆನರಸೀಪುರಕ್ಕೆ ಕೆಲವು ಮೈಲಿ ದೂರದ ಒಂದು ಹಳ್ಳಿಯವಳು. ಅವಳಿಗೆ ಮದುವೆಯಾಗಿ ಐದಾರು ವರ್ಷವಾಗಿದ್ದಾಗ ಊರಿನಲ್ಲಿ ಇಲಿ ಬಿತ್ತು. ಹೊಲದ ಗುಡಿಸಲಿನಲ್ಲಿ ಅವಳ ಚೊಚ್ಚಲ ಮಗಳು, ಮೂರು ವರ್ಷದ ಕೂಸು, ಎರಡೇ ದಿನದ ಜ್ವರದಲ್ಲಿ ಹೋಯಿತು. ಇನ್ನೂ ಹಲವು ಮನೆಗಳಲ್ಲಿ ಸಾವಾಯಿತು. ಊರ ಹಿರಿಯರು ಸೇರಿ ಅಮ್ಮನನ್ನು ಸಾಗಹಾಕಬೇಕೆಂದು ನಿಶ್ಚಯಿಸಿದರು. ಸಾಗಹಾಕುವುದೆಂದರೆ ಹೊಡೆದೋಡಿಸುವುದಲ್ಲ, ಬಾಗಿನ ಕೊಟ್ಟು, ಮರ್ಯಾದೆಯಿಂದ, ಮನೆಗೆ ಬಂದ ಮಗಳನ್ನು ಕಳುಹಿಸುವ ಹಾಗೆ ಕಳುಹಿಸುವುದು. ಮೊರದಲ್ಲಿ ಅರಿಸಿನ, ಕುಂಕುಮ, ಬೇವಿನ ಸೊಪ್ಪು, ಮೊಸರನ್ನ, ಬಳೆ. ರಾತ್ರಿಯ ಹೊತ್ತು ತಮಟೆ ಬಡಿದುಕೊಂಡು ಹೋಗಿ, ಊರಿನ ಗಡಿಯ ಆಚೆಗೆ ಮೊರವನ್ನಿಟ್ಟು, ಹಿಂದಿರುಗಿ ನೋಡದೆ ಬರಬೇಕು. ಬೆಳಗ್ಗೆ ಅದನ್ನು ಕಂಡ ಪಕ್ಕದ ಊರಿನವರು ಗಾಬರಿಯಾಗಿ, ಅದೇ ಮರ್ಯಾದೆಯಿಂದ ತಮ್ಮ ಗಡಿಯ ಆಚೆಗೆ ದಾಟಿಸುತ್ತಾರೆ. ಅಮ್ಮ ಹೀಗೆಯೇ ಊರಿಂದೂರಿಗೆ ನಡೆಯುತ್ತಾಳೆ.

ಆ ಸಲ ಮೊರ ಹೋದದ್ದು ಮೂಡಲ ಗಡಿಗೆ. ಮೂಡಲಿಗೆ ಎರಡನೆಯ ಊರೇ ಅಜ್ಜಿಯ ತವರು.

ಪಕ್ಷ ಕಳೆಯುವುದರೊಳಗೆ ತವರಿನಿಂದ ಆಳು ಬಂದ. ಅಜ್ಜಿಯ ತಂಗಿ, ಇನ್ನೂ ಮದುವೆಯಾಗದ ಹುಡುಗಿ, ತೀರಿಹೋಗಿದ್ದಳು.

ಈ ಕಥೆಯನ್ನು ಅಜ್ಜಿ ನನಗೆ ಹೇಳಿದಾಗ ನನಗೆ ಹತ್ತು ವರ್ಷವಿರಬೇಕು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. "ಮೊರಕ್ಕೆ ಬಳೆ ಇಟ್ಟೋಳು ನಾನೇ ಕಣಪ್ಪ" ಎಂದಳು. "ನಮ್ಮ ಕೂಸಿನ ಬಳೆ. ಇದನ್ನು ತಗೊಂಡು ಹೋಗಮ್ಮ, ಇನ್ನು ಬರಬ್ಯಾಡ ಅಂದೆ. ಎಲ್ಲಿಗೆ ಹೋಗು ಅನ್ನಲಿಲ್ಲ." ಮತ್ತೆ ಕಾಯಿ ಬಿಡಿಸತೊಡಗಿದಳು.

ಮುಂದೆ ಕಾಲೇಜಿಗೆ ಸೇರಿದ ಮೇಲೆ, ನಾಲ್ಕು ಪುಸ್ತಕ ಓದಿದ ಜಂಬದಲ್ಲಿ ನಾನು ಅಜ್ಜಿಗೆ ಚಿಗಟದ ವಿಚಾರವನ್ನೆಲ್ಲ ವಿವರಿಸಿದೆ. ಪ್ಲೇಗು ಹೋದದ್ದು ಮೊರದ ಜೊತೆಯಲ್ಲಲ್ಲ. ರಾಗಿಮೂಟೆಯ ಗಾಡಿಯಲ್ಲಿ ಇಲಿಯ ಜೊತೆ ಹೋಗಿರಬೇಕು. ನಿನ್ನ ಬಳೆಗೂ ನಿನ್ನ ತಂಗಿಗೂ ಸಂಬಂಧವಿಲ್ಲ ಎಂದೆ. ಅವಳಿಗೆ ಸಮಾಧಾನವಾದೀತೆಂದುಕೊಂಡಿದ್ದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಇರಬೌದು" ಎಂದಳು. "ನಾವು ಕಳಿಸಿದ್ದು ದಿಟ ಅಲ್ವಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ಲೇಗಿಗೆ ಮನಸ್ಸಿಲ್ಲವೆಂದು ತೋರಿಸುವುದು ವಿಜ್ಞಾನಕ್ಕೆ ಸಾಧ್ಯ. ಮೊರವನ್ನು ಗಡಿಯ ಆಚೆಗಿಟ್ಟ ಕೈಗಳಿಗೆ ಮನಸ್ಸಿತ್ತಲ್ಲ. ರೋಗದೊಡನೆ ಮಾತುಕತೆಯಾಡಿ ಅದರಿಂದ ಉಪಕಾರ ಪಡೆಯಬಹುದೆಂದು ನಂಬಿದ ದಿನವೇ, ಆ ಉಪಕಾರದ ಬೆಲೆಯನ್ನು ತೆರುವವರು ಯಾರೆಂಬ ಲೆಕ್ಕವೂ ಶುರುವಾಗಿತ್ತು. ಲೆಕ್ಕದಲ್ಲಿ ಸಿಕ್ಕಿದ್ದು ಪಕ್ಕದ ಊರು. ಬೈಕಲಾದ ಕೈದಿಗಳನ್ನು ನೆನೆದರೆ, ವಿಜ್ಞಾನಕ್ಕೂ ತನ್ನದೊಂದು ಪಕ್ಕದ ಊರು ಇತ್ತೆಂದೇ ಹೇಳಬೇಕಾಗುತ್ತದೆ.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಜಾತ್ರೆಗೆ ಮುಂಚೆ ಕಾಲರಾ ಇಂಜೆಕ್ಷನ್ ಹಾಕುವವರು ಊರಿಗೆ ಬರುತ್ತಿದ್ದರು. ಹುಡುಗರೆಲ್ಲ ಅಟ್ಟ ಹತ್ತಿ ಅಡಗಿಕೊಳ್ಳುತ್ತಿದ್ದೆವು. ಒಮ್ಮೆ ಅಜ್ಜಿ ನನ್ನ ಕಿವಿ ಹಿಡಿದು ಇಳಿಸಿ, ದರದರ ಎಳೆದುಕೊಂಡು ಹೋಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದಳು. ತಾನೂ ತೋಳೊಡ್ಡಿದಳು. ಸೂಜಿ ಹಿಡಿದವನು ಸ್ಪಿರಿಟ್ಟಿನ ಹತ್ತಿ ಒರೆಸುತ್ತಿರುವಾಗ, "ಏನಪ್ಪಾ, ಇದರೊಳಗೆ ಏನೈತೆ?" ಎಂದು ಕೇಳಿದಳು. ಸತ್ತ ಕಾಲರಾ ಹುಳ, ಅಜ್ಜಿ, ಎಂದು ಅವನು ನಗುತ್ತ ಹೇಳಿದ. ಅಜ್ಜಿ ನಗಲಿಲ್ಲ.

"ಇದು ಬ್ಯಾರೆ ಊರಿಗೆ ಹೋಗಾಕಿಲ್ಲ ತಾನೆ?" ಎಂದಳು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ನಿಮ್ಮ ತೋಳಲ್ಲೇ ಇರ್ತದೆ ಅಜ್ಜಿ, ಎಲ್ಲಿಗೂ ಹೋಗಲ್ಲ" ಎಂದು ಚುಚ್ಚಿದ. ಅಜ್ಜಿ ಸೆರಗು ಸರಿಮಾಡಿಕೊಂಡು, ಆ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಮನೆಗೆ ನಡೆದಳು.

ಮುನ್ನುಡಿಯನ್ನು ನಾನಿನ್ನೂ ಬರೆದುಕೊಟ್ಟಿಲ್ಲ. ಹಸ್ತಪ್ರತಿಯ ಕೊನೆಯ ಪುಟದಲ್ಲಿ 'ಎಲ್ಲಿಗೋ' ಎಂಬ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಎಲ್ಲಿಗೆ ಎಂದು ಅಂಚಿನಲ್ಲಿ ಬರೆದು, ಕಳೆದ ವಾರ ಅವರಿಗೆ ಹಿಂದಿರುಗಿಸಿದ್ದೇನೆ.