ಕಿರುತೆರೆಯ ನಾಯಕರು ಯಾರನ್ನು ಕಾಪಾಡುತ್ತಾರೆ

ಕಿರುತೆರೆಯ ಸಾಹಸ ಧಾರಾವಾಹಿಗಳಲ್ಲಿ ಆಪತ್ತಿಗೆ ಸಿಕ್ಕವರು ಅನೇಕರು, ಬದುಕಿ ಉಳಿಯುವವರು ಕೆಲವರು. ಆ ಕೆಲವರನ್ನು ನಾಯಕ ಆರಿಸಿಕೊಳ್ಳುವುದು ಯಾವ ಆಧಾರದ ಮೇಲೆ? ಹೆಚ್ಚಿನ ಕಥೆಗಳು ಈ ಪ್ರಶ್ನೆಯ ಗೋಜಿಗೇ ಹೋಗುವುದಿಲ್ಲ. ಒಳ್ಳೆಯವರು ಉಳಿಯುತ್ತಾರೆ, ಕೆಟ್ಟವರು ಅಳಿಯುತ್ತಾರೆ, ಅಷ್ಟೇ. 1987ರಿಂದ 1994ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಗಿಟ್ಟುಕೊಂಡ ಧಾರಾವಾಹಿ. ಅದು ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದರಿಂದಲೇ ಅವನ್ನು ಗಮನವಿಟ್ಟು ನೋಡಬೇಕು.

ಆ ಕಥೆಯ ಎಂಟರ್‌ಪ್ರೈಸ್ ಎಂಬ ಗಗನನೌಕೆಯ ಕ್ಯಾಪ್ಟನ್ ಜೀನ್-ಲೂಕ್ ಪಿಕಾರ್ಡ್. ಅವನನ್ನು ಕಟ್ಟಿಹಾಕಿರುವುದು ‘ಪ್ರೈಮ್ ಡೈರೆಕ್ಟಿವ್’ ಎಂಬ ನಿಯಮ: ಇನ್ನೂ ಬಾಹ್ಯಾಕಾಶಕ್ಕೆ ಕಾಲಿಡದ ಲೋಕಗಳ ಬದುಕಿನಲ್ಲಿ ಕೈಹಾಕಕೂಡದು. ನಿಯಮದ ಹಿಂದೆ ಸದುದ್ದೇಶವಿದೆ. ಬಲವುಳ್ಳವರು ಉಪಕಾರ ಮಾಡಲೆಂದು ಹೋಗಿ ಯಜಮಾನರಾಗಿ ಕುಳಿತ ಚರಿತ್ರೆ ಲೋಕಕ್ಕೆ ಹೊಸದಲ್ಲ. ಆದರೆ ಒಂದು ಗ್ರಹಕ್ಕೆ ಗ್ರಹವೇ ನಾಶವಾಗುತ್ತಿರುವಾಗ ಕೈಕಟ್ಟಿ ನಿಲ್ಲುವುದು ಧರ್ಮವೇ?

1989ರ ‘ಪೆನ್ ಪಾಲ್ಸ್’ ಕಂತಿನಲ್ಲಿ ಡೇಟಾ ಎಂಬ ಯಂತ್ರಮಾನವನಿಗೆ ದೂರದ ಗ್ರಹವೊಂದರಿಂದ ರೇಡಿಯೋ ಸಂದೇಶ ಬರುತ್ತದೆ. ಅಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುತ್ತಿರುವವಳು ಸಾರ್ಜೆಂಕಾ ಎಂಬ ಪುಟ್ಟ ಹುಡುಗಿ. ಅವಳ ಗ್ರಹ ಭೂಕಂಪಗಳಿಂದ ಒಡೆಯುತ್ತಿದೆ. ಅಧಿಕಾರಿಗಳೆಲ್ಲ ಕ್ಯಾಪ್ಟನ್ನನ ಕೋಣೆಯಲ್ಲಿ ಕುಳಿತು ವಿಧಿ, ಹೊಣೆ, ನಿಯಮಗಳ ಬಗ್ಗೆ ವಾದಿಸುತ್ತಾರೆ. ಸಂಪರ್ಕ ಕಡಿದುಹಾಕಬೇಕೆಂದು ಪಿಕಾರ್ಡ್ ತೀರ್ಮಾನಿಸುತ್ತಾನೆ. ಅಷ್ಟರಲ್ಲಿ ಹೆದರಿದ ಆ ಮಗುವಿನ ದನಿ ಕೋಣೆಯೊಳಗೇ ಕೇಳಿಸುತ್ತದೆ. ವಾದ ಅಲ್ಲಿಗೆ ಮುಗಿಯುತ್ತದೆ, ಗ್ರಹ ಉಳಿಯುತ್ತದೆ. ಆಮೇಲೆ ಹುಡುಗಿಯ ನೆನಪಿನಿಂದ ಡೇಟಾನ ಗೆಳೆತನವನ್ನು ವೈದ್ಯೆ ಅಳಿಸಿಹಾಕುತ್ತಾಳೆ.

1994ರ ‘ಹೋಮ್‌ವರ್ಡ್’ ಕಂತಿನಲ್ಲಿ ನೌಕೆ, ನಿಯಮ, ಕ್ಯಾಪ್ಟನ್ ಎಲ್ಲವೂ ಅವೇ. ವಾತಾವರಣ ಕಳೆದುಕೊಂಡು ಸಾಯುತ್ತಿರುವ ಇನ್ನೊಂದು ಗ್ರಹದ ಜನರನ್ನು ಉಳಿಸಲು ಈ ಸಲ ಪಿಕಾರ್ಡ್ ಒಪ್ಪುವುದಿಲ್ಲ. ಅಧಿಕಾರಿ ವೋರ್ಫನ ಸಾಕುಮನೆಯ ಸೋದರ ನಿಕೊಲಾಯ್ ಆಜ್ಞೆ ಮೀರಿ ಒಂದು ಹಳ್ಳಿಯ ಜನರನ್ನು ಗುಟ್ಟಾಗಿ ನೌಕೆಗೆ ತಂದು, ತಮ್ಮ ನೆಲದಲ್ಲೇ ಇದ್ದೇವೆಂದು ಅವರು ನಂಬುವಂತೆ ಕೃತಕ ಪರಿಸರದಲ್ಲಿಟ್ಟು ಉಳಿಸುತ್ತಾನೆ. ಉಳಿದವರೆಲ್ಲ ಸಾಯುತ್ತಾರೆ. ಎರಡು ತೀರ್ಪುಗಳ ನಡುವಿನ ವ್ಯತ್ಯಾಸಕ್ಕೆ ತತ್ತ್ವದಲ್ಲಿ ಆಧಾರ ಸಿಗುವುದಿಲ್ಲ. ಅಲ್ಲಿ ಒಂದು ಮಗುವಿನ ಕೂಗು ತಲುಪಿತ್ತು, ಇಲ್ಲಿ ಯಾರೂ ಕೂಗಿರಲಿಲ್ಲ. ಹಾಗೆಂದು ನಿಯಮದ ಭಯ ಪೂರಾ ಸುಳ್ಳೂ ಅಲ್ಲ. ಆ ಹಳ್ಳಿಯ ವೋರಿನ್ ಎಂಬ ಯುವಕ ಆಕಸ್ಮಿಕವಾಗಿ ಹೊರಬಂದು ನೌಕೆಯನ್ನು ಕಂಡ ಮೇಲೆ, ನಿಜವನ್ನು ಹೊತ್ತುಕೊಂಡು ತನ್ನವರ ಬಳಿಗೆ ಮರಳಲಾರದೆ ಪ್ರಾಣ ಬಿಡುತ್ತಾನೆ.

ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿಯ 2008ರ ಒಂದು ಕಂತಿನಲ್ಲೂ ಇದೇ ಮಾದರಿ ಕಾಣುತ್ತದೆ. ಕ್ರಿ.ಶ. 79ರ ಪೊಂಪೇ ನಗರ. ವೆಸೂವಿಯಸ್ ಜ್ವಾಲಾಮುಖಿ ಸಿಡಿಯುತ್ತದೆ. ಚರಿತ್ರೆಯನ್ನು ತಿದ್ದಲಾಗದು ಎಂದು ಡಾಕ್ಟರ್ ಹೊರಟುಬಿಡುತ್ತಾನೆ. ಊರನ್ನೆಲ್ಲ ಬೇಡ, ಯಾರನ್ನಾದರೂ ಒಬ್ಬರನ್ನು ಉಳಿಸು ಎಂದು ಸಂಗಾತಿ ಡೋನಾ ಅಳುತ್ತಾ ಬೇಡಿದಾಗ ಮರಳಿ ಬಂದು ಒಂದು ಕುಟುಂಬವನ್ನು ಕರೆದೊಯ್ಯುತ್ತಾನೆ. ಆ ಕುಟುಂಬವೇ ಏಕೆ? ಅವರ ಮನೆಯಲ್ಲಿ ಅವನು ಅತಿಥಿಯಾಗಿದ್ದ, ಅವರ ಹೆಸರು ಬಲ್ಲ. ಪಕ್ಕದ ಬೀದಿಯವರ ಹೆಸರು ಅವನಿಗೂ ಗೊತ್ತಿಲ್ಲ, ನೋಡುಗರಿಗೂ ಗೊತ್ತಿಲ್ಲ.

ಭಾರತದ ಕಿರುತೆರೆಯಲ್ಲಿ 1987ರಿಂದ 1988ರವರೆಗೆ ಭಾನುವಾರದ ಬೆಳಗನ್ನು ತನ್ನದಾಗಿಸಿಕೊಂಡಿದ್ದ ರಮಾನಂದ ಸಾಗರರ ‘ರಾಮಾಯಣ’ದ ನಾಯಕನ ಅಳತೆಗೋಲು ಬೇರೆ. ಅದರ ಬೇರು ವಾಲ್ಮೀಕಿಯ ಯುದ್ಧಕಾಂಡದಲ್ಲಿದೆ. ಶರಣು ಬಂದ ವಿಭೀಷಣ ಶತ್ರುವಿನ ತಮ್ಮ, ಅವನನ್ನು ನಂಬಬಾರದು ಎನ್ನುತ್ತಾನೆ ಸುಗ್ರೀವ. ಶರಣೆಂದವನಿಗೆ ಅಭಯ ಕೊಡುವುದು ತನ್ನ ವ್ರತ, ಬಂದವನು ರಾವಣನೇ ಆದರೂ ಸರಿ ಎನ್ನುತ್ತಾನೆ ರಾಮ. ಪರಿಚಯ, ಗುಣ, ಕುಲ ಯಾವುದೂ ಇಲ್ಲಿ ಅಡ್ಡಬರುವುದಿಲ್ಲ. ಇದಕ್ಕಿಂತ ವಿಶಾಲವಾದ ಬಾಗಿಲು ಅಪರೂಪ. ಆದರೂ ಬೇಡುವುದಕ್ಕೆ ಬಾಯಿ ಬೇಕು, ಬೇಡಬಹುದೆಂಬ ಅರಿವೂ ಬೇಕು. ಅವೆರಡೂ ಇಲ್ಲದವರ ಗತಿಯೇನು?

ಈ ಪ್ರಶ್ನೆಗೆ ಹತ್ತಿರ ಬಂದದ್ದು ‘ಸ್ಟಾರ್ ಟ್ರೆಕ್’ನ 1992ರ ‘ಐ, ಬೋರ್ಗ್’ ಕಂತು. ಬೋರ್ಗ್ ಎಂದರೆ ಸಿಕ್ಕವರನ್ನೆಲ್ಲ ಹಿಡಿದು, ದೇಹಕ್ಕೆ ಯಂತ್ರ ತೊಡಿಸಿ, ಒಂದೇ ಮನಸ್ಸಿನ ಅಂಗಗಳನ್ನಾಗಿ ಮಾಡುವ ಸಮೂಹ. ಹಿಂದೆ ಪಿಕಾರ್ಡನನ್ನೂ ಹಾಗೆಯೇ ಹಿಡಿದು, ಅವನ ಅರಿವನ್ನೇ ಬಳಸಿಕೊಂಡು 39 ನೌಕೆಗಳನ್ನು ನಾಶಮಾಡಿದ್ದರು. ಸತ್ತವರು ಸುಮಾರು 11,000. ಈಗ ಅಪಘಾತಕ್ಕೀಡಾದ ಬೋರ್ಗ್ ನೌಕೆಯೊಂದರಲ್ಲಿ ಒಬ್ಬ ಹದಿಹರೆಯದವನು ಮಾತ್ರ ಜೀವಂತ ಸಿಗುತ್ತಾನೆ. ಅವನು ಸಹಾಯ ಕೇಳುವುದಿಲ್ಲ. ಬಿಟ್ಟು ಹೋಗೋಣ ಎಂಬ ಮಾತು ಬಂದಾಗ ವೈದ್ಯೆ ಬೆವರ್ಲಿ ಕ್ರಷರ್ ಒಪ್ಪುವುದಿಲ್ಲ. ಅವಳ ಮಟ್ಟಿಗೆ ಅವನು ಗಾಯಾಳು. ಯೋಗ್ಯನೋ ಅಲ್ಲವೋ ಎಂಬುದು ಚಿಕಿತ್ಸೆಗೆ ಮೊದಲು ಕೇಳುವ ಪ್ರಶ್ನೆಯೇ ಅಲ್ಲ. ಇಡೀ ಧಾರಾವಾಹಿಯಲ್ಲಿ ಈ ವಿಷಯದ ಬಗ್ಗೆ ಬಂದಿರುವ ಅತ್ಯಂತ ಗಟ್ಟಿಯಾದ ನಿಲುವು ಇದು. ಅದು ಕ್ಯಾಪ್ಟನ್ನನದಲ್ಲ, ವೈದ್ಯೆಯದು ಎಂಬುದನ್ನು ಮರೆಯಬಾರದು.

ಪಿಕಾರ್ಡ್ ಚಿಕಿತ್ಸೆಗೆ ಒಪ್ಪಿದರೂ ಅವನ ಲೆಕ್ಕಾಚಾರವೇ ಬೇರೆ. ಹುಡುಗನ ಮಿದುಳಿಗೆ ವಿನಾಶಕ ಪ್ರೋಗ್ರಾಮ್ ತುಂಬಿ ಹಿಂದಕ್ಕೆ ಕಳಿಸಿದರೆ ಬೋರ್ಗ್ ಸಮೂಹವೇ ಅಳಿಯಬಹುದು. ಅದನ್ನು ಸಿದ್ಧಪಡಿಸಬೇಕಾದ ಎಂಜಿನಿಯರ್ ಜೋರ್ಡಿ ದಿನವೂ ಅವನೊಂದಿಗೆ ಮಾತಾಡುತ್ತಾನೆ. ಅವನಿಗೆ ಹ್ಯೂ ಎಂಬ ಹೆಸರು ಬೀಳುತ್ತದೆ. ಹೆಸರಿಟ್ಟ ಮೇಲೆ ಅವನನ್ನು ಅಸ್ತ್ರವೆಂದು ನೋಡುವುದು ಜೋರ್ಡಿಗೆ ಕಷ್ಟವಾಗುತ್ತದೆ. ಬೋರ್ಗ್‌ಗಳಿಂದ ತನ್ನ ಜನರಲ್ಲಿ ಹೆಚ್ಚಿನವರನ್ನು ಕಳೆದುಕೊಂಡ ಗೈನನ್ ಎಂಬಾಕೆ ದ್ವೇಷದಿಂದಲೇ ಅವನನ್ನು ಕಾಣಲು ಹೋಗಿ, ತನ್ನಂತೆಯೇ ಒಂಟಿಯಾದವನನ್ನು ಕಂಡು ಮರಳುತ್ತಾಳೆ. ಕೊನೆಗೆ ಪಿಕಾರ್ಡ್ ತಾನೂ ಬೋರ್ಗ್ ಎಂಬಂತೆ ನಟಿಸಿ, ನೌಕೆಯವರನ್ನು ವಶಪಡಿಸಿಕೊಳ್ಳಲು ನೆರವಾಗು ಎಂದು ಆಜ್ಞಾಪಿಸುತ್ತಾನೆ. ಜೋರ್ಡಿ ನನ್ನ ಗೆಳೆಯ, ನಾನು ನೆರವಾಗುವುದಿಲ್ಲ ಎನ್ನುತ್ತಾನೆ ಹ್ಯೂ. ಯೋಜನೆಯನ್ನು ಕೈಬಿಡಲಾಗುತ್ತದೆ. ಆಶ್ರಯ ಕೊಡುವುದಾಗಿ ಹೇಳಿದರೂ, ತನ್ನನ್ನು ಹುಡುಕಿಕೊಂಡು ಬರುವವರಿಂದ ಈ ಗೆಳೆಯರಿಗೆ ಅಪಾಯವೆಂದು ಅವನು ಹಿಂತಿರುಗುತ್ತಾನೆ.

ಇಲ್ಲೊಂದು ಕೊರತೆ ಉಳಿದೇ ಇದೆ. ಹ್ಯೂ ಮನುಷ್ಯರಂತೆ ಮಾತಾಡಿದ್ದರಿಂದ ಪಿಕಾರ್ಡ್ ಕರಗಿದ. ಸಮೂಹದಲ್ಲಿ ಸಿಕ್ಕಿಕೊಂಡ ಉಳಿದ ಅಸಂಖ್ಯ ಜನರೂ ಒಂದು ಕಾಲಕ್ಕೆ ಹೆಸರಿದ್ದವರೇ, ಅಪಹರಣಕ್ಕೆ ಒಳಗಾದವರೇ. ಅವರನ್ನು ಬಿಡಿಸುವ ಯೋಚನೆ ಆ ಕಂತಿನಲ್ಲಿ ಯಾರಿಗೂ ಬರುವುದಿಲ್ಲ. ಬದಲಿಗೆ 1993ರ ‘ಡಿಸೆಂಟ್’ ಕಂತಿನಲ್ಲಿ, ಅವಕಾಶವಿದ್ದಾಗ ಬೋರ್ಗ್‌ಗಳನ್ನು ಮುಗಿಸಿಬಿಡಲಿಲ್ಲವೆಂದು ಮೇಲಧಿಕಾರಿಯಿಂದ ಪಿಕಾರ್ಡ್ ಬೈಸಿಕೊಳ್ಳುತ್ತಾನೆ.

ಅಂಥವರನ್ನು ಬಿಡಿಸುವ ಕೆಲಸ 2020ರ ‘ಸ್ಟಾರ್ ಟ್ರೆಕ್: ಪಿಕಾರ್ಡ್’ ಧಾರಾವಾಹಿಯಲ್ಲಿ ಕಾಣುತ್ತದೆ. ಸ್ತಬ್ಧಗೊಂಡ ಬೋರ್ಗ್ ನೌಕೆಯೊಂದರಲ್ಲಿ ಒಬ್ಬೊಬ್ಬರ ಮೈಯಿಂದ ಯಂತ್ರಭಾಗಗಳನ್ನು ಕಳಚಿ, ಅವರನ್ನು ಮತ್ತೆ ಅವರಾಗಿಸುವ ಕೇಂದ್ರವೊಂದು ಅಲ್ಲಿ ನಡೆಯುತ್ತಿರುತ್ತದೆ. ಅದರ ನಿರ್ದೇಶಕ ಹ್ಯೂ. ಹೀಗೆ ಬಿಡುಗಡೆಯಾದವರನ್ನು ಸುತ್ತಲಿನ ಲೋಕ ಈಗಲೂ ತಿರಸ್ಕಾರದಿಂದಲೇ ನೋಡುತ್ತದೆ. ಅವರ ಪರವಾಗಿ ನಿಂತ ಹ್ಯೂ ಅದೇ ನೌಕೆಯಲ್ಲಿ ಕೊಲೆಯಾಗುತ್ತಾನೆ.