ಗ್ರಾಮಫೋನ್ ಪ್ಲೇಟುಗಳ ಸಂಗ್ರಹ ಮತ್ತು ವಿಕ್ರಯ



ಸಂಗೀತವನ್ನು ಕುರಿತು ಮಾತನಾಡುವವರು ಗಾಯಕರ ವಿಚಾರವನ್ನು ಹೇಳುವುದು ವಾಡಿಕೆ. ನಾವು ಈ ದಿನ ಆ ಗಾನವನ್ನು ಹೊತ್ತ ಒಂದು ಪದಾರ್ಥವನ್ನೂ ಅದರ ಕ್ರಯವಿಕ್ರಯವನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದು ಗ್ರಾಮಫೋನಿನ ತಟ್ಟೆ. ನಮ್ಮ ಜನರ ಬಾಯಲ್ಲಿ ‘ಪ್ಲೇಟು’. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳ ಹಳೆಯ ಮನೆಗಳ ಅಟ್ಟದ ಮೇಲೆ ಇಂಥ ಪ್ಲೇಟುಗಳ ಪೆಟ್ಟಿಗೆ ಒಂದೊಂದು ಕಡೆ ಈಗಲೂ ಉಳಿದಿರುವುದುಂಟು. ಮನೆಯನ್ನು ಕೆಡವಿ ಹೊಸದಾಗಿ ಕಟ್ಟುವಾಗ ಪೆಟ್ಟಿಗೆಯು ಅಟ್ಟದಿಂದ ಇಳಿದು, ಹಳೆಯ ಕಬ್ಬಿಣ ಕಾಗದಗಳೊಡನೆ ಗುಜರಿಯವನ ತಕ್ಕಡಿಯನ್ನು ಏರುತ್ತದೆ. ಅಲ್ಲಿಂದ ಬೆಂಗಳೂರಿನ ಚಿಕ್ಕಪೇಟೆಯ ಬಳಿ ನಡೆಯುವ ಭಾನುವಾರದ ಸಂತೆಯನ್ನು ಸೇರಿದರೆ ಅದು ಪ್ಲೇಟಿನ ಪುಣ್ಯ. ಸೇರದಿದ್ದರೆ ಅದು ಬರಿಯ ಚೂರು.

ಪ್ಲೇಟು ಎಂಬುದು ಏನೆಂದು ಶಿಡ್ಲಘಟ್ಟದವರಿಗೆ ತಿಳಿಸುವುದು ಕಷ್ಟವಲ್ಲ. ಅವರ ಊರು ರೇಷ್ಮೆಯ ಹುಳುವಿನಿಂದ ಬದುಕುತ್ತಿದೆ. ಪ್ಲೇಟು ಕೂಡ ಒಂದು ಹುಳುವಿನ ಕೊಡುಗೆಯೆ. ಮುತ್ತುಗವೇ ಮೊದಲಾದ ಮರಗಳ ಕೊಂಬೆಗಳಲ್ಲಿ ನೆಲೆಸಿ ರಸವನ್ನು ಹೀರುವ ಅರಗಿನ ಹುಳುವು ಸ್ರವಿಸಿದ ಅಂಟನ್ನು ಶೋಧಿಸಿ, ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ, ಕಾಯಿಸಿ ಒತ್ತಿದರೆ ಪ್ಲೇಟಾಗುತ್ತಿತ್ತು. 10 ಅಂಗುಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡನ್ನು ಕೊಡುತ್ತಿತ್ತು. 1948ರಲ್ಲಿ ಅಮೆರಿಕದಲ್ಲಿ ವಿನೈಲ್ ಎಂಬ ಕೃತಕ ಪದಾರ್ಥದ ದೀರ್ಘಾವಧಿಯ ತಟ್ಟೆಯು ಬಂದ ಮೇಲೆ ಅರಗಿನ ತಟ್ಟೆಯ ಕಾಲವು ಕ್ರಮವಾಗಿ ಮುಗಿಯಿತು.

ಈ ಮೂರು ನಿಮಿಷಗಳಲ್ಲಿ ಏನು ಉಳಿದಿದೆ ಎಂಬುದಕ್ಕೆ ಒಂದೇ ನಿದರ್ಶನ ಸಾಕು. 1902ರಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡನು. ಪ್ಲೇಟುಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತು ಸಿಕ್ಕಲೆಂದು ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಆ ಗಾಯಕಿ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡಳು. ಆಕೆಯ ಕಂಠವನ್ನು ಎದುರಿಗೆ ಕುಳಿತು ಕೇಳಿದವರು ಈಗ ಯಾರೂ ಇಲ್ಲ. ಆ ಕಂಠವಿರುವುದು ಪ್ಲೇಟುಗಳಲ್ಲಿ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿಯೇ ಉಳಿಯಲಿಲ್ಲವೆಂಬುದನ್ನು ನೆನೆದರೆ, ಒಂದು ಕಾಲದ ದನಿ ಎಷ್ಟು ಸುಲಭವಾಗಿ ಅಳಿದುಹೋಗುವುದೆಂಬುದು ತಿಳಿಯುತ್ತದೆ.

ಇನ್ನು ಬೆಲೆಯ ವಿಚಾರ. ಹೆಸರಾಂತ ಹಾಡಿನ ಪ್ಲೇಟಿಗೆ ಹೆಚ್ಚು ಬೆಲೆಯೆಂದು ಜನ ತಿಳಿಯುತ್ತಾರೆ. ಅನೇಕ ವೇಳೆ ಅದು ತಲೆಕೆಳಗು. ಹೆಸರಾಂತ ಹಾಡು ಸಾವಿರಗಟ್ಟಲೆ ಅಚ್ಚಾಗಿ ಮನೆಮನೆಗೂ ಹೋಗಿರುತ್ತದೆ. ಅಂದು ಯಾರೂ ಕೊಳ್ಳದೆ ಬಿಟ್ಟದ್ದೇ ಇಂದು ದುರ್ಲಭ. ಅಮೆರಿಕದ ಕಪ್ಪು ಜನರು ತಮ್ಮ ದೇವಾಲಯದ ಭಜನೆಯ ಧಾಟಿಯನ್ನು ಲೌಕಿಕ ಗೀತಗಳಿಗೆ ಹೊಂದಿಸಿ ಬೆಳೆಸಿದ ಒಂದು ಸಂಗೀತಕ್ಕೆ ‘ಸೋಲ್’, ಎಂದರೆ ‘ಆತ್ಮ’, ಎಂದು ಹೆಸರು. ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ಕೇಳಿ ಬೆಳೆದ ನಮ್ಮ ಸೀಮೆಗೆ ಆ ಹೆಸರು ತೀರ ಪರಕೀಯವೆನಿಸದು. ಅಲ್ಲಿ 1960ರ ದಶಕದಲ್ಲಿ ಮಾರಾಟವಾಗದೆ ಮೂಲೆ ಸೇರಿದ ತಟ್ಟೆಗಳನ್ನು, ಮುಂದೆ ಉತ್ತರ ಇಂಗ್ಲೆಂಡಿನ ಕಾರ್ಖಾನೆಯ ಊರುಗಳ ತರುಣರು ಹುಡುಕಿ ತಂದು ರಾತ್ರಿಯೆಲ್ಲ ಕುಣಿದರು. ಫ್ರಾಂಕ್ ವಿಲ್ಸನ್ ಎಂಬಾತನ 1965ರ ಒಂದು ತಟ್ಟೆಯ ಪ್ರತಿಗಳನ್ನು ಕಂಪೆನಿಯೇ ಬಹುಮಟ್ಟಿಗೆ ನಾಶಮಾಡಿತ್ತು. ಉಳಿದ ಒಂದು ಪ್ರತಿ 2009ರಲ್ಲಿ 25,000 ಪೌಂಡಿಗೂ ಮಿಕ್ಕ ಬೆಲೆಗೆ ಹೋಯಿತು.

ಅಲ್ಲಿಯ ತಟ್ಟೆ ನುಡಿಸುವವರಲ್ಲಿ ಒಂದು ರೂಢಿಯಿತ್ತು. ತಟ್ಟೆಯ ಮೇಲಣ ಹೆಸರಿನ ಚೀಟಿಗೆ ಕಾಗದ ಅಂಟಿಸಿ, ಹಾಡುಗಾರನಿಗೆ ಸುಳ್ಳು ಹೆಸರಿಟ್ಟು, ಎದುರಾಳಿಗಳಿಗೆ ಗುಟ್ಟು ತಿಳಿಯದಂತೆ ಮಾಡುತ್ತಿದ್ದರು. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು ಇದರ ಅಣ್ಣತಮ್ಮನಷ್ಟೆ. ಪ್ಲೇಟಿನ ವ್ಯಾಪಾರಕ್ಕೆ ಅಂಟಿದ ದೋಷವೂ ಈ ಗುಟ್ಟೆ. ಅಟ್ಟವನ್ನು ಖಾಲಿಮಾಡುವ ಮುದುಕಿಗೆ ತಾನು ಮಾರುತ್ತಿರುವುದು ಏನೆಂದು ತಿಳಿಯದು. ಕೊಳ್ಳುವವನಿಗೆ ತಿಳಿದಿದ್ದರೂ ಹೇಳುವುದಿಲ್ಲ.

ಕಲೆಯನ್ನು ಮಾರುವುದೇ ಹೀನವೆಂದು ಹೇಳುವ ವಿದ್ಯಾವಂತರುಂಟು. ಅವರ ಮಾತನ್ನು ನಾವು ಒಪ್ಪಲಾರೆವು. ಬೆಲೆಯಿಲ್ಲದ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ. ಊರೂರು ಅಲೆದು, ಧೂಳು ಕುಡಿದು, ಪ್ಲೇಟುಗಳನ್ನು ತಕ್ಕಡಿಯಿಂದ ಬಿಡಿಸಿ ತಂದವನು ವ್ಯಾಪಾರಿಯೇ ಹೊರತು ನಮ್ಮಂಥ ಅಧ್ಯಾಪಕರಲ್ಲ. ತಿಳಿವಳಿಕೆಯೇ ಅವನ ಬಂಡವಾಳ. ಅದಕ್ಕೆ ಲಾಭ ಪಡೆಯುವುದು ನ್ಯಾಯ. ಆದರೆ ನ್ಯಾಯದ ಲಾಭಕ್ಕೂ ಕತ್ತಲೆಯ ಲಾಭಕ್ಕೂ ಅಂತರವುಂಟು. ಈ ಅಂತರವನ್ನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಾಣಬಹುದು. 1959ರ ಕಾಯಿದೆಯು ಗೂಡಿನ ಮಾರಾಟವನ್ನು ನಿಯಮಕ್ಕೆ ಒಳಪಡಿಸಿತು. ಅಲ್ಲಿ ರೈತನ ಗೂಡು ಎಲ್ಲರ ಕಣ್ಣೆದುರಿಗೆ ಇರುತ್ತದೆ, ಹರಾಜಿನ ಬೆಲೆ ಬೆಳೆದವನಿಗೂ ತಿಳಿಯುತ್ತದೆ. ಇದರಿಂದ ನೂಲು ಬಿಚ್ಚುವ ರೀಲರುಗಳ ಕಸಬು ನಿಂತುಹೋಗಲಿಲ್ಲ.

ಆದಕಾರಣ ಈ ವ್ಯಾಪಾರಕ್ಕೆ ಮೂರು ಕಟ್ಟಳೆಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಪ್ಲೇಟು ದುರ್ಲಭವೆಂದು ಬಲ್ಲವನು ಹಾಗೆಂದು ಮನೆಯವರಿಗೆ ಹೇಳಿ ಕೊಳ್ಳಬೇಕು. ಎರಡನೆಯದು, ಪ್ಲೇಟು ಪರಸ್ಥಳಕ್ಕೆ ಹೋಗುವ ಮೊದಲು ಅದರ ದನಿಯ ಪ್ರತಿಯೊಂದನ್ನು ಇಲ್ಲಿ ಉಳಿಸಿಕೊಳ್ಳಬೇಕು. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಮಾತ್ರ ಇರುವುದರಿಂದ, ಅರಗಿನ ಪ್ಲೇಟುಗಳ ಮಟ್ಟಿಗೆ ಆ ಅಡ್ಡಿ ಬಹುಪಾಲು ಕಳೆದಿದೆ. ಸಾಹಿತ್ಯದ ಹಕ್ಕನ್ನು ಮಾತ್ರ ಬೇರೆಯಾಗಿ ವಿಚಾರಿಸಬೇಕು. ಮೂರನೆಯದು, ಯಾವ ಊರಿನಲ್ಲಿ ದೊರೆಯಿತೆಂಬುದನ್ನು ಬರೆದಿಡಬೇಕು. ಕನ್ನಡ ತೆಲುಗುಗಳೆರಡೂ ನಡೆಯುವ ಈ ಸೀಮೆಯಲ್ಲಿ ಯಾವ ಪೆಟ್ಟಿಗೆಯಲ್ಲಿ ಯಾವ ಭಾಷೆಯ ಹಾಡುಗಳು ಎಷ್ಟಿದ್ದುವೆಂಬುದೇ ಒಂದು ಚರಿತ್ರೆ.

ಮನೆಯವರಿಗೂ ಒಂದು ಮಾತು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ, ಡೊಂಕಾಗುವುವು. ಸ್ಪಿರಿಟ್ಟಿನಿಂದ ಎಂದಿಗೂ ಒರಸಬೇಡಿ; ಬಡಗಿಗಳು ಪಾಲಿಷಿಗಾಗಿ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿಯೇ ಅಲ್ಲವೆ? ಮಾರಬೇಕಾದರೆ ಮಾರಿ, ಅದರಲ್ಲಿ ಅವಮಾನವಿಲ್ಲ. ಆದರೆ ತೂಕಕ್ಕೆ ಹಾಕುವ ಮೊದಲು ಒಂದೊಂದರ ಮೇಲಣ ಹೆಸರನ್ನೂ ಓದಿ. ಆ ಹೆಸರಿನವರ ದನಿ ಲೋಕದಲ್ಲಿ ಉಳಿದಿರುವುದು ನಿಮ್ಮ ಕೈಯಲ್ಲಿರುವ ಆ ಒಂದು ಪ್ಲೇಟಿನಲ್ಲಿ ಮಾತ್ರವೇ ಇರಬಹುದು.