ಮಹಿಳೆಯರು ಮತ್ತು ಮೂರು ನೆಗೆತದ ಸ್ಪರ್ಧೆ

ಮಕ್ಕಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುವುದನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಅನೇಕ ಗೃಹಿಣಿಯರು ಚಿಕ್ಕಂದಿನಲ್ಲಿ ಆಡಿಯೂ ಇರಬಹುದು. ಒಂಟಿಕಾಲಿನಲ್ಲಿ ನೆಗೆದು, ಅದೇ ಕಾಲಿನ ಮೇಲೆ ಇಳಿದು, ಮೈ ಹೊಯ್ದಾಡದಂತೆ ನಿಲ್ಲುವುದೇ ಆ ಆಟದ ಗುಟ್ಟು. ಕ್ರೀಡಾಲೋಕದಲ್ಲಿ ಟ್ರಿಪಲ್ ಜಂಪ್ ಎಂದು ಹೆಸರಾದ ಸ್ಪರ್ಧೆಯ ಮೊದಲ ನೆಗೆತವೂ ಇದೇ. ಹಿಂದೆ ಅದನ್ನು ‘ಹಾಪ್, ಸ್ಟೆಪ್ ಅಂಡ್ ಜಂಪ್’ ಎನ್ನುತ್ತಿದ್ದರು. ನಾವು ಮೂರು ನೆಗೆತವೆನ್ನೋಣ. ಹೆಣ್ಣುಮಕ್ಕಳಿಗೆ ಅಂಗಳದಲ್ಲಿ ಅಡ್ಡಿಯಿಲ್ಲದ ಈ ಒಂಟಿಕಾಲಿನ ನೆಗೆತವನ್ನು ಜಗತ್ತಿನ ದೊಡ್ಡ ಕ್ರೀಡಾಕೂಟಗಳು ಬಹುಕಾಲ ಅವರಿಗೆ ಕೊಡಲಿಲ್ಲ. ಕೊಟ್ಟಮೇಲೆ ಏನಾಯಿತೆಂಬುದನ್ನು ಒಂದು ಸ್ಪರ್ಧೆಯ ಮೂಲಕ ತಿಳಿಯಬಹುದು. ಅದು 1995ರಲ್ಲಿ ಸ್ವೀಡನ್ ದೇಶದ ಗೊಥೆನ್‌ಬರ್ಗ್ ನಗರದಲ್ಲಿ ನಡೆದ ವಿಶ್ವ ಅಥ್ಲೆಟಿಕ್ ಚಾಂಪಿಯನ್‌ಷಿಪ್ಪಿನ ಮಹಿಳೆಯರ ಮೂರು ನೆಗೆತ.

ಮೊದಲು ಆಟದ ಕ್ರಮವನ್ನು ನೋಡೋಣ. ಸ್ಪರ್ಧಿಯು ದೂರದಿಂದ ಓಡಿಬಂದು ನೆಲದಲ್ಲಿ ಹೂತ ಒಂದು ಹಲಗೆಯ ಮೇಲೆ ಕಾಲೂರಿ ನೆಗೆಯುತ್ತಾಳೆ. ಆ ಕಾಲು ಬಲಗಾಲಾದರೆ ಮೊದಲ ನೆಗೆತದಲ್ಲಿ ಬಲಗಾಲಿನ ಮೇಲೆಯೇ ಇಳಿಯಬೇಕು. ಎರಡನೆಯದರಲ್ಲಿ ಎಡಗಾಲಿನ ಮೇಲೆ. ಮೂರನೆಯದರಲ್ಲಿ ಮರಳಿನ ಗುಂಡಿಯೊಳಕ್ಕೆ ಹಾರಬೇಕು. ದೊಡ್ಡ ಕೂಟಗಳಲ್ಲಿ ಮಹಿಳೆಯರಿಗೆ ಹಲಗೆಗೂ ಮರಳಿಗೂ ನಡುವೆ ಕನಿಷ್ಠ 11 ಮೀಟರ್ ಅಂತರವಿರುತ್ತದೆ. ಅಂದರೆ ಮೊದಲೆರಡು ಸಲ ಇಳಿಯುವುದು ಗಟ್ಟಿ ನೆಲದ ಮೇಲೆ. ಆ ಕ್ಷಣದಲ್ಲಿ ಒಂದೇ ಕಾಲು ದೇಹದ ತೂಕದ ಹಲವು ಪಟ್ಟು ಭಾರವನ್ನು ತಾಳಬೇಕು. ತಾಳಿಕೊಂಡರೆ ಸಾಲದು, ಓಟದ ವೇಗವನ್ನೂ ಉಳಿಸಿಕೊಳ್ಳಬೇಕು. ಮೊದಲ ನೆಗೆತದಲ್ಲಿ ತೀರ ಎತ್ತರಕ್ಕೆ ಏರಿದರೆ ಇಳಿಯುವಾಗ ಮೊಣಕಾಲು ಕುಸಿಯುತ್ತದೆ. ಉಳಿದೆರಡು ನೆಗೆತಗಳೂ ಕೆಡುತ್ತವೆ. ಬಲದಷ್ಟೇ ಮಿತವೂ ಬೇಕಾದ ಆಟವಿದು.

ಗಂಡಸರ ಮೂರು ನೆಗೆತ ಆಧುನಿಕ ಒಲಿಂಪಿಕ್ಸಿನಷ್ಟೇ ಹಳೆಯದು. 1896ರಲ್ಲಿ ಅಥೆನ್ಸಿನಲ್ಲಿ ಅಮೆರಿಕದ ಜೇಮ್ಸ್ ಕಾನೊಲಿ 13.71 ಮೀಟರ್ ಹಾರಿ ಗೆದ್ದನು. ಮಹಿಳೆಯರ ಕಥೆಯೇ ಬೇರೆ. ಇಂಥ ಶ್ರಮ ಹೆಣ್ಣಿನ ದೇಹಕ್ಕೆ ಕೇಡು, ಮುಂದೆ ತಾಯಿಯಾಗಬೇಕಾದವಳಿಗೆ ಸಲ್ಲದು ಎಂದು ವೈದ್ಯರಾದಿಯಾಗಿ ಹಲವರು ನಂಬಿದ್ದರು. 1928ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿದರು. ಅಷ್ಟಕ್ಕೇ ಆ ಓಟ ಅವರಿಗೆ ಭಾರವಾಯಿತೆಂದು ತೆಗೆದುಹಾಕಿ, ಮತ್ತೆ ಕೊಟ್ಟದ್ದು 1960ರಲ್ಲಿ. ಒಲಿಂಪಿಕ್ಸಿನಲ್ಲಿ ಉದ್ದ ನೆಗೆತ ಮಹಿಳೆಯರಿಗೆ ದೊರೆತದ್ದು 1948ರಲ್ಲಿ, ಮ್ಯಾರಥಾನ್ ದೊರೆತದ್ದು 1984ರಲ್ಲಿ. ಮೂರು ನೆಗೆತ ಇನ್ನೂ ಹೊರಗೇ ಉಳಿದಿತ್ತು. ಅದರಲ್ಲಿ ಮಹಿಳೆಯರ ವಿಶ್ವದಾಖಲೆಯನ್ನು ಅಧಿಕೃತವಾಗಿ ಬರೆದಿಡತೊಡಗಿದ್ದೇ 1990ರಲ್ಲಿ.

ಈ ತಡದಿಂದ ನಷ್ಟವಾದವರಲ್ಲಿ ಉಕ್ರೇನಿನ ಇನೆಸಾ ಕ್ರಾವೆಟ್ಸ್ ಒಬ್ಬಳು. 1991ರಲ್ಲಿ ಮಾಸ್ಕೋದಲ್ಲಿ ಆಕೆ 14.95 ಮೀಟರ್ ಹಾರಿ ವಿಶ್ವದಾಖಲೆ ಮಾಡಿದಳು. ಮರುವರ್ಷವೇ ಬಾರ್ಸಿಲೋನ ಒಲಿಂಪಿಕ್ಸ್ ನಡೆಯಿತು. ಆದರೆ ಆ ಕೂಟದಲ್ಲಿ ಮಹಿಳೆಯರಿಗೆ ಮೂರು ನೆಗೆತವೇ ಇರಲಿಲ್ಲ! ಆಕೆ ಉದ್ದ ನೆಗೆತದಲ್ಲಿ ಸ್ಪರ್ಧಿಸಿ, ಕೇವಲ 2 ಸೆಂಟಿಮೀಟರ್ ಅಂತರದಲ್ಲಿ ಚಿನ್ನ ತಪ್ಪಿ, ಬೆಳ್ಳಿಯ ಪದಕದೊಡನೆ ಹಿಂದಿರುಗಿದಳು. 1993ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಬಾಗಿಲು ಈ ಸ್ಪರ್ಧೆಗೆ ಮೊದಲ ಬಾರಿ ತೆರೆಯಿತು. ಅಲ್ಲಿ ರಷ್ಯದ ಅನ್ನಾ ಬಿರ್ಯುಕೊವಾ 15.09 ಮೀಟರ್ ಹಾರಿ, 15 ಮೀಟರ್ ದಾಟಿದ ಮೊದಲ ಮಹಿಳೆಯೆನಿಸಿದಳು.

ಇನ್ನು ಗೊಥೆನ್‌ಬರ್ಗಿಗೆ ಬರೋಣ. ಅಲ್ಲಿನ ಉಲ್ಲೆವಿ ಕ್ರೀಡಾಂಗಣದಲ್ಲಿ 1995ರ ಆಗಸ್ಟ್ 7ರಂದು ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ ಒಂದೇ ಸಂಜೆ ಎರಡು ಸಲ ವಿಶ್ವದಾಖಲೆ ಮುರಿದು, 18.29 ಮೀಟರ್ ಹಾರಿದ್ದನು. ಮೂರು ದಿನಗಳ ತರುವಾಯ, ಆಗಸ್ಟ್ 10ರಂದು, ಮಹಿಳೆಯರ ಅಂತಿಮ ಸ್ಪರ್ಧೆ.

ಇಲ್ಲಿ ಒಂದು ನಿಯಮವನ್ನು ನೀವು ನೆನಪಿನಲ್ಲಿಡಬೇಕು. ಅಂತಿಮ ಸ್ಪರ್ಧೆಯಲ್ಲಿ ಎಲ್ಲರಿಗೂ ಮೂರು ಸರದಿ. ಆಗ ಮೂರರಲ್ಲಿ ಮುಂದಿದ್ದ ಎಂಟು ಮಂದಿಗೆ ಮಾತ್ರ ಇನ್ನೂ ಮೂರು ದೊರೆಯುತ್ತಿದ್ದವು. ಆಗ ಹಲಗೆಯ ಅಂಚಿಗೆ ಮೆತ್ತಗಿನ ಮೇಣದಂಥ ಪದಾರ್ಥವೊಂದನ್ನು ಮೆತ್ತಿರುತ್ತಿದ್ದರು. ಕಾಲಿನ ತುದಿ ಅದರ ಮೇಲೆ ಗುರುತು ಮೂಡಿಸಿತೋ, ಆ ನೆಗೆತ ತಪ್ಪಾಗುತ್ತಿತ್ತು. ಎಷ್ಟು ದೂರ ಹಾರಿದರೂ ಲೆಕ್ಕಕ್ಕಿಲ್ಲ. ಹಾಗೆಂದು ಹಿಂದೆಯೇ ನೆಗೆದರೆ ಆ ದೂರವನ್ನು ಯಾರೂ ತುಂಬಿಕೊಡುವುದಿಲ್ಲ. ಅಳತೆ ಹಲಗೆಯ ಗೆರೆಯಿಂದಲೇ.

ಕ್ರಾವೆಟ್ಸಳ ಮೊದಲ ಸರದಿ ತಪ್ಪಾಯಿತು. ಎರಡನೆಯದೂ ತಪ್ಪಾಯಿತು. ಮೂರನೆಯದೂ ತಪ್ಪಿದರೆ ಒಂದು ನೆಗೆತವೂ ಲೆಕ್ಕಕ್ಕೆ ಬಾರದೆ ಆಕೆ ಹೊರಗೆ. ಆಕೆಯ ಜಾಗದಲ್ಲಿ ನಿಂತು ಯೋಚಿಸಿ ನೋಡಿ. ಅಂಜಿ ಓಡಿದರೆ ವೇಗ ಕುಂದುತ್ತದೆ; ವೇಗ ಕುಂದಿದರೆ ಮೂರು ನೆಗೆತವೂ ಕುಗ್ಗುತ್ತವೆ. ಅಂಜದೆ ಓಡಿದರೆ ಬೆರಳಿನಷ್ಟು ಮುಂದಾದರೂ ಎಲ್ಲವೂ ಹೋಯಿತು.

ಮೂರನೆಯ ಸರದಿಯಲ್ಲಿ ಕಾಲು ಹಲಗೆಯ ಮೇಲೆ ಸರಿಯಾಗಿ ಬಿತ್ತು. ಅಳೆದಾಗ ಬಂದದ್ದು 15.50 ಮೀಟರ್! ಹಳೆಯ ದಾಖಲೆಯನ್ನು ಆಕೆ ಒಂದೇ ನೆಗೆತದಲ್ಲಿ 41 ಸೆಂಟಿಮೀಟರ್ ಹಿಂದೆ ಹಾಕಿದ್ದಳು. ಬಲ್ಗೇರಿಯದ ಇವಾ ಪ್ರಾಂಜೆವಾ 15.18 ಮೀಟರ್ ಹಾರಿದಳು. ಅದೂ ಹಳೆಯ ದಾಖಲೆಗಿಂತ ಹೆಚ್ಚು. ಆದರೂ ಆಕೆಗೆ ದೊರೆತದ್ದು ಬೆಳ್ಳಿ. 15.08 ಮೀಟರ್ ಹಾರಿದ ಬಿರ್ಯುಕೊವಾ ತನ್ನ ಹಳೆಯ ದಾಖಲೆಗೆ ಒಂದೇ ಸೆಂಟಿಮೀಟರ್ ಕಡಿಮೆಯಾಗಿ ಕಂಚು ಪಡೆದಳು.

15.50 ಮೀಟರ್ ಎಂದರೆ ಎಷ್ಟೆಂದು ಮನೆಯಲ್ಲಿ ಕುಳಿತ ನಿಮಗೆ ತೋರಬೇಡವೆ? ಸುಮಾರು 51 ಅಡಿ. ಕ್ರಿಕೆಟ್ ಆಟದಲ್ಲಿ ಒಂದು ಕಡೆಯ ವಿಕೆಟ್ಟಿನಿಂದ ಇನ್ನೊಂದು ಕಡೆಯದಕ್ಕೆ ಇರುವ ಅಂತರದ ಮುಕ್ಕಾಲು ಭಾಗಕ್ಕೂ ಮಿಗಿಲು. ನೆಲವನ್ನು ನಡುವೆ ಎರಡೇ ಸಲ ಮುಟ್ಟಿ ಅಷ್ಟು ದೂರ! ಇನ್ನೊಂದು ಹೋಲಿಕೆ ಕೇಳಿ. 1911ರಲ್ಲಿ ಗಂಡಸರ ವಿಶ್ವದಾಖಲೆಯೆಂದು ಬರೆದಿಟ್ಟದ್ದು ಡ್ಯಾನ್ ಅಹರ್ನ್ ಎಂಬಾತನ 15.52 ಮೀಟರ್. ಹೆಣ್ಣಿನಿಂದ ಆಗದೆಂದ ಆಟದಲ್ಲಿ ಹೆಣ್ಣೊಬ್ಬಳು ಆ ಗುರುತಿಗೆ 2 ಸೆಂಟಿಮೀಟರ್ ಹತ್ತಿರ ಬಂದಿದ್ದಳು. ಅದೂ ಆಟದ ಬಾಗಿಲು ತೆರೆದ ಎರಡೇ ವರ್ಷಗಳಲ್ಲಿ.

ಮರುವರ್ಷ, 1996ರಲ್ಲಿ, ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮಹಿಳೆಯರ ಮೂರು ನೆಗೆತ ಸೇರಿತು. ಅಥೆನ್ಸಿನಲ್ಲಿ ಗಂಡಸರು ಹಾರಿ ಸರಿಯಾಗಿ ನೂರು ವರ್ಷ! ಕ್ರಾವೆಟ್ಸ್ 15.33 ಮೀಟರ್ ಹಾರಿ ಅಲ್ಲಿಯ ಚಿನ್ನವನ್ನೂ ಗೆದ್ದಳು. ಹೊಗಳುವಾಗ ಇನ್ನೊಂದು ಮಾತನ್ನು ಮರೆಮಾಚಬಾರದು. 2000ದಲ್ಲಿ ನಿಷಿದ್ಧ ಔಷಧದ ಕಾರಣದಿಂದ ಆಕೆಯ ಮೇಲೆ ಎರಡು ವರ್ಷಗಳ ನಿಷೇಧ ಬಂದಿತು. ಗೊಥೆನ್‌ಬರ್ಗಿನ ದಾಖಲೆ ಮಾತ್ರ ಪುಸ್ತಕದಲ್ಲಿ ಉಳಿಯಿತು. ಸುಮಾರು 26 ವರ್ಷಗಳ ಕಾಲ ಅದನ್ನು ಯಾರೂ ಮುಟ್ಟಲಿಲ್ಲ. 2021ರ ಆಗಸ್ಟ್ 1ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ವೆನೆಜುವೆಲಾದ ಯುಲಿಮಾರ್ ರೋಹಾಸ್ 15.67 ಮೀಟರ್ ಹಾರಿ ಅದನ್ನು ದಾಟಿದಳು. 2022ರಲ್ಲಿ ಬೆಲ್‌ಗ್ರೇಡಿನ ಒಳಾಂಗಣ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 15.74 ಮೀಟರ್ ಹಾರಿದಳು. ನಮ್ಮ ದೇಶದಲ್ಲಿ 14 ಮೀಟರ್ ದಾಟಿದ ಮೊದಲ ಮಹಿಳೆ ಕೇರಳದ ಮಯೂಖಾ ಜಾನಿ. 2011ರಲ್ಲಿ ಜಪಾನಿನ ಕೋಬೆಯಲ್ಲಿ ಆಕೆ ಹಾರಿದ್ದು 14.11 ಮೀಟರ್.

ಆಗದೆಂದು ಹೇಳಿದವರು ಈ ನೆಗೆತವನ್ನು ಹೆಣ್ಣುಮಕ್ಕಳ ಕೈಗೆ ಕೊಟ್ಟು ಪರೀಕ್ಷಿಸಿರಲಿಲ್ಲ. ಕೊಡದೆಯೇ ತೀರ್ಮಾನ ಹೇಳಿದ್ದರು. ನಿಮ್ಮ ಊರಿನ ಶಾಲೆಯ ಕ್ರೀಡಾದಿನಕ್ಕೆ ಹೋದಾಗ, ಯಾವ ಸ್ಪರ್ಧೆ ಹುಡುಗರಿಗೆ ಮಾತ್ರ ಎಂದಿದೆ, ಏಕೆ ಹಾಗಿದೆ ಎಂದು ವಿಚಾರಿಸಿ. ಇನ್ನು ಮುಂದೆ ಮಹಿಳೆಯರ ಮೂರು ನೆಗೆತದ ವರದಿ ಕೇಳುವಾಗ ಮೂರನೆಯ ಸರದಿಗೆ ಸ್ವಲ್ಪ ಹೆಚ್ಚು ಕಿವಿಗೊಡಿ. ಎರಡು ಸಲ ತಪ್ಪಿದವಳು ಯಾರಾದರೂ ಓಟದ ದಾರಿಯ ತುದಿಯಲ್ಲಿ ನಿಂತಿದ್ದರೆ, ಆಕೆ ಎಣಿಸುತ್ತಿರುವುದೇನೆಂದು ನಿಮಗೆ ಗೊತ್ತಿರುತ್ತದೆ.